ಬೇರೆ ರಾಜ್ಯದಲ್ಲಿ ಟರ್ನ್‌ಕೀ ಬಾಡಿಗೆ ಮನೆ: ಸಹಿ ಹಾಕುವ ಮುನ್ನ ಮಾಡಬೇಕಾದ ಕೆಲಸಗಳು

ಸಂಬಳ ಫ್ರೀಮಾಂಟ್‌ನಲ್ಲಿ, ಬಾಡಿಗೆಗೆ ಬಿಟ್ಟ ಮನೆ ಮೆಂಫಿಸ್‌ನಲ್ಲಿ. ಅಮೆರಿಕದ ಬೇ ಏರಿಯಾ, ಸಿಯಾಟಲ್, ನ್ಯೂಜೆರ್ಸಿಯ ಕನ್ನಡಿಗರ ನಡುವೆ ಈ ಮಾತು ಈಗ ಹೊಸದೇನಲ್ಲ. ತಾವಿರುವ ಊರಲ್ಲಿ ಇವತ್ತಿನ ಬೆಲೆಗೆ ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಸಾಲದ ಕಂತಿನ ಅರ್ಧವೂ ಹುಟ್ಟುವುದು ಕಷ್ಟ. ಅದೇ ಮೆಂಫಿಸ್, ಕ್ಲೀವ್‌ಲ್ಯಾಂಡ್, ಇಂಡಿಯಾನಾಪೊಲಿಸ್, ಬರ್ಮಿಂಗ್‌ಹ್ಯಾಮ್, ಕಾನ್ಸಾಸ್ ಸಿಟಿಯಲ್ಲಿ ಒಂದೂವರೆ ಲಕ್ಷ ಡಾಲರ್ ಆಸುಪಾಸಿಗೆ ಮೂರು ಬೆಡ್‌ರೂಮಿನ ಮನೆ ಸಿಗುತ್ತದೆ, ಒಳಗೆ ಆಗಲೇ ಬಾಡಿಗೆದಾರ ಇರುತ್ತಾನೆ. ಹಾಳುಬಿದ್ದ ಮನೆಯನ್ನು ಅಗ್ಗಕ್ಕೆ ಹಿಡಿದು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಟ್ಟು, ನೋಡಿಕೊಳ್ಳಲು ಒಬ್ಬ ಮ್ಯಾನೇಜರನ್ನೂ ಸೇರಿಸಿ ಮಾರುವ ವ್ಯವಹಾರಕ್ಕೆ ಟರ್ನ್‌ಕೀ ಎಂಬ ಹೆಸರು.

ತೊಡಕಿರುವುದೂ ಅಲ್ಲೇ. ಮಾರುವವನು, ರಿಪೇರಿ ಮಾಡಿಸಿದವನು, ಬಾಡಿಗೆ ಗೊತ್ತು ಮಾಡಿದವನು, ನಾಳೆ ನಿಮಗೆ ತಿಂಗಳ ಲೆಕ್ಕ ಕಳಿಸುವವನು, ನಾಲ್ವರೂ ಹೆಚ್ಚಿನ ಪಾಲು ಒಂದೇ ಕಡೆಯವರು. ಹಾಗಾಗಿ ಮುಂದೆ ಬರುವ ಹಂತಗಳಲ್ಲೆಲ್ಲ ಒಂದೇ ಕಟ್ಟಳೆ ಕಾಣುತ್ತದೆ: ಅವರು ಕೊಟ್ಟ ಪ್ರತಿಯೊಂದು ಅಂಕಿಯನ್ನೂ ಅವರಿಂದ ದುಡ್ಡು ಪಡೆಯದ ಇನ್ನೊಬ್ಬರಿಂದ ಖಾತ್ರಿ ಮಾಡಿಕೊಳ್ಳಿ.

ಮೊದಲು ಸಾಲ, ಆಮೇಲೆ ಮನೆ

ಮನೆ ಹುಡುಕುವ ಮುಂಚೆ ಸಾಲದ ಪೂರ್ವಾನುಮತಿ ಪಡೆಯಿರಿ. ಸಾಲ ಕೊಡುವವರಿಗೆ ಮನೆ ಇರುವ ರಾಜ್ಯದಲ್ಲಿ ಲೈಸೆನ್ಸ್ ಇರಬೇಕು, ನೀವಿರುವ ರಾಜ್ಯದಲ್ಲಿ ಇದ್ದರೆ ಸಾಲದು. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಸಾಲಕ್ಕೆ, ಬಾಡಿಗೆಗೆಂದು ಕೊಳ್ಳುವ ಒಂಟಿ ಮನೆಯಾದರೆ ಕನಿಷ್ಠ 15%, ಎರಡರಿಂದ ನಾಲ್ಕು ಸಂಸಾರದ ಕಟ್ಟಡವಾದರೆ 25% ಡೌನ್ ಪೇಮೆಂಟ್ ಬೇಕು. 20%ಗಿಂತ ಕಡಿಮೆ ಕೊಟ್ಟರೆ ಸಾಲದ ವಿಮೆಯ ಹೊರೆ ಬೀಳುತ್ತದೆ. 25% ಕೊಟ್ಟರೆ ಬಡ್ಡಿದರ ಇಳಿಯುವುದರಿಂದ ಬಹುತೇಕರು ಅಲ್ಲಿಗೇ ನಿಲ್ಲುತ್ತಾರೆ. ಹೇಗಿದ್ದರೂ ಸ್ವಂತ ವಾಸದ ಮನೆಯ ಸಾಲಕ್ಕಿಂತ ಬಡ್ಡಿ ಹೆಚ್ಚೇ.

ಡೌನ್ ಪೇಮೆಂಟ್ ಕೊಟ್ಟ ಮೇಲೂ ಖಾತೆಯಲ್ಲಿ ಆರು ತಿಂಗಳ ಕಂತು, ತೆರಿಗೆ, ವಿಮೆಯಷ್ಟು ದುಡ್ಡು ಉಳಿದಿರುವುದನ್ನು ತೋರಿಸಬೇಕಾಗುತ್ತದೆ. ಸಾಲವಿರುವ ಬೇರೆ ಮನೆಗಳಿದ್ದರೆ ಈ ಮೊತ್ತ ಇನ್ನೂ ಏರುತ್ತದೆ. ಬರಲಿರುವ ಬಾಡಿಗೆಯನ್ನು ಬ್ಯಾಂಕು ಪೂರ್ತಿ ಒಪ್ಪುವುದಿಲ್ಲ, 75% ಮಾತ್ರ ಆದಾಯವೆಂದು ಹಿಡಿಯುತ್ತದೆ. ಸಂಬಳ ನೋಡದೆ ಬಾಡಿಗೆಯ ಮೇಲೇ ಕೊಡುವ ಡಿಎಸ್‌ಸಿಆರ್ ಸಾಲವೂ ಇದೆ. ಆದರೆ ಅದರಲ್ಲಿ ಮೂರರಿಂದ ಐದು ವರ್ಷದೊಳಗೆ ಸಾಲ ತೀರಿಸಿದರೆ ದಂಡ ಎಂಬ ಷರತ್ತು ಸಾಮಾನ್ಯ, ಕರಾರಿನಲ್ಲಿ ಅದನ್ನು ಹುಡುಕಿ ಓದಿ. ಇನ್ನೊಂದು ವಿಷಯ, ಮನೆ ತೀರಾ ಅಗ್ಗವಾದರೂ ಕಷ್ಟವೇ. ಒಂದು ಲಕ್ಷ ಡಾಲರ್‌ಗಿಂತ ಕೆಳಗಿನ ಸಾಲಕ್ಕೆ ಕೈಹಾಕುವ ಸಂಸ್ಥೆಗಳು ಕಡಿಮೆ.

ಎಚ್-1ಬಿಯಲ್ಲಿರುವವರು ಮನೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಬಾಡಿಗೆದಾರರನ್ನು ಹುಡುಕುವುದು, ರಿಪೇರಿ ನಡೆಸುವುದು ಮುಂತಾದ ದಿನನಿತ್ಯದ ಕೆಲಸಕ್ಕೆ ತಾವೇ ಇಳಿದರೆ ಅದು ವೀಸಾ ಅನುಮತಿಸದ ದುಡಿಮೆ ಎನಿಸಬಹುದು. ಮ್ಯಾನೇಜರ್ ಮೂಲಕ ನಡೆಸಿ, ಅನುಮಾನವಿದ್ದರೆ ವಲಸೆ ವಕೀಲರನ್ನು ಒಮ್ಮೆ ಕೇಳಿ.

ಊರು ನೋಡಿ, ಅದಕ್ಕಿಂತ ಹೆಚ್ಚಾಗಿ ಬೀದಿ ನೋಡಿ

ಈ ಊರುಗಳಲ್ಲಿ ನಾಲ್ಕು ಬೀದಿ ದಾಟುವಷ್ಟರಲ್ಲಿ ಬಾಡಿಗೆದಾರರ ವರ್ಗವೇ ಬದಲಾಗುತ್ತದೆ. ಸರಾಸರಿ ಬೆಲೆ, ಸರಾಸರಿ ಬಾಡಿಗೆ ಎಂಬ ಅಂಕಿಗಳಿಂದ ಏನೂ ತಿಳಿಯದು. ಗೂಗಲ್ ಸ್ಟ್ರೀಟ್ ವ್ಯೂ ತೆರೆದು ಮನೆಯ ಮುಂದೆ ನಿಂತು, ಹಳೆಯ ವರ್ಷಗಳ ಚಿತ್ರಗಳಿಗೆ ಹಿಂದೆ ಹೋಗಿ. ಪಕ್ಕದ ಮನೆಗಳ ಕಿಟಕಿಗೆ ಪ್ಲೈವುಡ್ ಹೊಡೆದಿದೆಯೇ, ಎದುರು ಸಾಲಿನಲ್ಲಿ ಮನೆಯಿದ್ದ ಜಾಗ ಖಾಲಿ ಬಿದ್ದಿದೆಯೇ, ನಿಮ್ಮ ಮನೆಯ ಚಾವಣಿ 2012ರಲ್ಲೂ ಇದೇ ಬಣ್ಣದ್ದೇ? ಹದಿನೈದು ನಿಮಿಷದ ಈ ಕೆಲಸ ಎಷ್ಟೋ ಮನೆಗಳನ್ನು ಪಟ್ಟಿಯಿಂದ ಹೊರಹಾಕುತ್ತದೆ.

ಆಮೇಲೆ ಕೌಂಟಿಯ ಆಸ್ತಿ ದಾಖಲೆಯ ವೆಬ್‌ಸೈಟು. ಮೆಂಫಿಸ್‌ಗೆ ಶೆಲ್ಬಿ ಕೌಂಟಿ, ಕ್ಲೀವ್‌ಲ್ಯಾಂಡ್‌ಗೆ ಕುಯಾಹೋಗಾ, ಇಂಡಿಯಾನಾಪೊಲಿಸ್‌ಗೆ ಮ್ಯಾರಿಯನ್, ಬರ್ಮಿಂಗ್‌ಹ್ಯಾಮ್‌ಗೆ ಜೆಫರ್ಸನ್. ಮಾರುವವನು ಈ ಮನೆಯನ್ನು ಯಾವಾಗ, ಎಷ್ಟಕ್ಕೆ ಕೊಂಡ ಎಂಬುದು ಅನೇಕ ಕಡೆ ಅಲ್ಲೇ ಸಿಗುತ್ತದೆ. ಅವನು ಲಾಭ ಮಾಡಿಕೊಳ್ಳುವುದು ತಪ್ಪಲ್ಲ, ಆದರೆ ಎಂಟು ತಿಂಗಳ ಹಿಂದೆ 62,000ಕ್ಕೆ ಕೊಂಡ ಮನೆಗೆ 1,60,000 ಕೇಳುತ್ತಿದ್ದರೆ ನಡುವಿನ ಅಂತರಕ್ಕೆ ರಿಪೇರಿ ಬಿಲ್ಲು ಕೇಳುವ ಹಕ್ಕು ನಿಮ್ಮದು. ಆದರೆ ಮಿಸೌರಿ, ಕಾನ್ಸಾಸ್, ಟೆಕ್ಸಸ್‌ನಂಥ ಕೆಲವು ರಾಜ್ಯಗಳಲ್ಲಿ ಮಾರಾಟದ ಬೆಲೆ ಸಾರ್ವಜನಿಕವಾಗಿ ಸಿಗುವುದಿಲ್ಲ. ಅಲ್ಲಿ ಸ್ಥಳೀಯ ಏಜೆಂಟೊಬ್ಬರಿಂದ ಹತ್ತಿರದ ಮಾರಾಟಗಳ ಪಟ್ಟಿ ತರಿಸಿಕೊಳ್ಳಬೇಕು.

ನಗರಪಾಲಿಕೆಯ ಪರ್ಮಿಟ್ ಮತ್ತು ನಿಯಮ ಉಲ್ಲಂಘನೆಯ ದಾಖಲೆಯನ್ನೂ ನೋಡಿ. ಇಡೀ ವೈರಿಂಗ್ ಹೊಸದು ಎಂದು ಹೇಳಿಕೊಂಡ ಮನೆಗೆ ಎಲೆಕ್ಟ್ರಿಕಲ್ ಪರ್ಮಿಟ್ಟೇ ಇಲ್ಲದಿದ್ದರೆ ಪ್ರಶ್ನೆ ಏಳಬೇಕು.

ಲೆಕ್ಕ: ಕರಪತ್ರದಲ್ಲಿ 290 ಲಾಭ, ಕಾಗದದಲ್ಲಿ 190 ನಷ್ಟ

ಒಂದು ಮಾದರಿ ನೋಡೋಣ. ಬೆಲೆ 1,60,000 ಡಾಲರ್, ಬಾಡಿಗೆ ತಿಂಗಳಿಗೆ 1,450. ಡೌನ್ ಪೇಮೆಂಟ್ 25%, ಅಂದರೆ 40,000. ಉಳಿದ 1,20,000ಕ್ಕೆ 30 ವರ್ಷದ ಸಾಲ, ಬಡ್ಡಿ 7.5%, ಕಂತು 839.

ಮಾರುವವರ ಕರಪತ್ರದಲ್ಲಿ ಲೆಕ್ಕ ಹೀಗಿರುತ್ತದೆ: ಕಂತು 839, ಆಸ್ತಿ ತೆರಿಗೆ 130, ವಿಮೆ 75, ಮ್ಯಾನೇಜರ್‌ಗೆ 8% ಅಂದರೆ 116. ಒಟ್ಟು 1,160. ಕೈಗೆ ಉಳಿಯುವುದು 290.

ಈಗ ಒಂದೊಂದನ್ನೇ ತಿದ್ದಿ.

ತೆರಿಗೆ 130 ಎಂಬುದು ಹಿಂದಿನ ಮಾಲೀಕ ತಾನೇ ವಾಸವಿದ್ದಾಗಿನದು ಆಗಿರಬಹುದು. ಬರ್ಮಿಂಗ್‌ಹ್ಯಾಮ್ ಇರುವ ಅಲಬಾಮಾದಲ್ಲಿ ಸ್ವಂತ ವಾಸದ ಮನೆಗೆ ಮೌಲ್ಯದ 10%, ಬಾಡಿಗೆ ಮನೆಗೆ 20% ಹಿಡಿದು ತೆರಿಗೆ ಹಾಕುತ್ತಾರೆ, ಅಂದರೆ ನೇರ ಎರಡು ಪಟ್ಟು. ಇಂಡಿಯಾನಾದಲ್ಲಿ ಸ್ವಂತ ವಾಸಕ್ಕೆ ತೆರಿಗೆಯ ಮಿತಿ 1%, ಬಾಡಿಗೆಗೆ 2%. ಮಿಷಿಗನ್‌ನಲ್ಲಿ ಮನೆ ಕೈ ಬದಲಾದ ಮರುವರ್ಷ ತೆರಿಗೆಯ ಮೌಲ್ಯವೇ ಮೇಲಕ್ಕೆ ಜಿಗಿಯುತ್ತದೆ. ಮೆಂಫಿಸ್ ನಗರದೊಳಗಿನ ಮನೆಗೆ ನಗರದ್ದೊಂದು, ಕೌಂಟಿಯದೊಂದು, ಹೀಗೆ ಎರಡು ಬಿಲ್ಲು ಬರುತ್ತವೆ. ಕರಪತ್ರದಲ್ಲಿ ಒಂದೇ ಇದ್ದರೆ ಇನ್ನೊಂದು ಎಲ್ಲಿ ಎಂದು ಕೇಳಿ. ಬಾಡಿಗೆ ಮನೆಯೆಂದು ಲೆಕ್ಕ ಹಾಕಿದಾಗ ನಮ್ಮ ಮಾದರಿಯಲ್ಲಿ ಇದು 200.

ವಿಮೆ 75 ಎಂದು ಬರೆದವನು ವಿಮೆ ಏಜೆಂಟ್ ಅಲ್ಲ. ನೀವೇ ಕೊಟೇಶನ್ ತರಿಸಿ, ಚಾವಣಿಯ ವಯಸ್ಸು ಹೇಳಿ. 120 ಇಟ್ಟುಕೊಳ್ಳೋಣ. ಮ್ಯಾನೇಜರ್ 10%, 145. ಖಾಲಿ ಬೀಳುವ ದಿನಗಳಿಗೆ 8%, 116. ಸಣ್ಣಪುಟ್ಟ ರಿಪೇರಿಗೆ 120. ಚಾವಣಿ, ಮನೆ ಬೆಚ್ಚಗಿಡುವ ಫರ್ನೇಸ್, ಗೀಸರಿನಂಥ ದೊಡ್ಡ ಖರ್ಚಿಗೆ ತಿಂಗಳಿಗೆ 100 ತೆಗೆದಿಡಿ. ಒಟ್ಟು 1,640. ಅಂದರೆ ಪ್ರತಿ ತಿಂಗಳೂ 190 ಡಾಲರ್ ಕೈಯಿಂದ.

ಇದೇ ಬೆಲೆಗೆ, ಇದೇ ಬಡ್ಡಿಗೆ ಕೈಕಚ್ಚದೆ ನಡೆಯಬೇಕಾದರೆ ಬಾಡಿಗೆ 1,700ರ ಹತ್ತಿರ ಇರಬೇಕು. ಇಲ್ಲವೇ ಬೆಲೆ ಇಳಿಯಬೇಕು. 1,30,000ಕ್ಕೆ ಸಿಕ್ಕರೂ ಕಂತು 682ಕ್ಕೆ ಇಳಿದು ತಿಂಗಳಿಗೆ 33ರ ಕೊರತೆ ಇನ್ನೂ ಉಳಿಯುತ್ತದೆ. ಬೆಲೆ ಏರುತ್ತದೆ ಎಂಬ ನಂಬಿಕೆಯ ಮೇಲೆ ಕೊರತೆ ತುಂಬುವವರಿದ್ದಾರೆ. ಅದು ಅವರ ಇಷ್ಟ. ಆದರೆ ತಿಂಗಳ ಆದಾಯಕ್ಕೆಂದೇ ಕೊಳ್ಳುವವರಿಗೆ ಈ ಮನೆ ಗಿಟ್ಟುವುದಿಲ್ಲ.

ಖಾಲಿ ದಿನಗಳ ಲೆಕ್ಕವನ್ನು ಹಗುರವಾಗಿ ಕಾಣಬೇಡಿ. ಒಬ್ಬ ಬಾಡಿಗೆದಾರ ಬಿಟ್ಟುಹೋದರೆ ಒಂದು ತಿಂಗಳ ಬಾಡಿಗೆ 1,450 ಹೋಯಿತು, ಹೊಸಬರನ್ನು ತಂದದ್ದಕ್ಕೆ ಮ್ಯಾನೇಜರ್‌ಗೆ ಅರ್ಧದಿಂದ ಒಂದು ತಿಂಗಳ ಬಾಡಿಗೆ, ಬಣ್ಣ, ಕಾರ್ಪೆಟ್, ಸ್ವಚ್ಛತೆಗೆ 1,500ರಿಂದ 3,000. ಕರಪತ್ರದ 290ರ ಪ್ರಕಾರವೇ ನೋಡಿದರೂ ವರ್ಷದ ಲಾಭ 3,480. ಒಂದೇ ಸಲ ಮನೆ ಖಾಲಿಯಾದರೆ ಅದು ಮುಗಿಯಿತು.

ಬಾಡಿಗೆ 1,450 ನಿಜವೇ? ಅದೇ ಊರಿನ, ಮಾರುವವರಿಗೆ ಸಂಬಂಧವಿಲ್ಲದ ಇಬ್ಬರು ಪ್ರಾಪರ್ಟಿ ಮ್ಯಾನೇಜರುಗಳಿಗೆ ಫೋನ್ ಮಾಡಿ, ವಿಳಾಸ ಕೊಟ್ಟು, ‘ನಿಮ್ಮ ಕೈಗೆ ಕೊಟ್ಟರೆ ಎಷ್ಟಕ್ಕೆ ಹೋಗುತ್ತದೆ, ಎಷ್ಟು ದಿನದಲ್ಲಿ?’ ಎಂದು ಕೇಳಿ. ಬ್ಯಾಂಕಿನ ಮೌಲ್ಯಮಾಪಕರೂ ಮಾರುಕಟ್ಟೆ ಬಾಡಿಗೆಯನ್ನು ತಮ್ಮ ವರದಿಯಲ್ಲಿ ಬರೆಯುತ್ತಾರೆ, ಅದರ ಪ್ರತಿ ಪಡೆಯಿರಿ.

ಆಫರ್

ಕರಾರಿನಲ್ಲಿ ಮೂರು ಷರತ್ತು ಬಿಡಬೇಡಿ: ತಪಾಸಣೆ, ಸಾಲ, ಮೌಲ್ಯಮಾಪನ. ಮೂರನೆಯದು ಟರ್ನ್‌ಕೀಗೆ ಎಲ್ಲಕ್ಕಿಂತ ಮುಖ್ಯ. ಹೊರಗಿನವರಿಗೆಂದೇ ಇಟ್ಟ ಬೆಲೆ ಅಲ್ಲಿಯವರು ಕೊಡುವ ಬೆಲೆಗಿಂತ ಹೆಚ್ಚಿರುವುದು ಬಯಲಾಗುವುದೇ ಮೌಲ್ಯಮಾಪನದಲ್ಲಿ. ವರದಿ 1,45,000 ಎಂದರೆ ಬ್ಯಾಂಕು 1,45,000ದ ಮೇಲೆ ಮಾತ್ರ ಸಾಲ ಕೊಡುತ್ತದೆ. ಷರತ್ತು ಇಲ್ಲದಿದ್ದರೆ ಉಳಿದ 15,000 ನಿಮ್ಮ ಜೇಬಿನಿಂದ. ‘ನಗದು ಕೊಟ್ಟು ಕೊಂಡರೆ ಮೌಲ್ಯಮಾಪನವೇ ಬೇಡ, ಬೇಗ ಮುಗಿಸೋಣ’ ಎಂದು ಅವಸರ ಮಾಡುವವರ ಬಳಿ ನಗದು ಕೊಟ್ಟೇ ಕೊಂಡರೂ, ಕೆಲವು ನೂರು ಡಾಲರ್ ಖರ್ಚು ಮಾಡಿ ಸ್ವತಃ ಒಂದು ಮೌಲ್ಯಮಾಪನ ಮಾಡಿಸಿ.

ತಪಾಸಣೆ

ಇನ್ಸ್‌ಪೆಕ್ಟರನ್ನು ನೀವೇ ಹುಡುಕಿ, ಮಾರುವವರ ಪಟ್ಟಿಯಿಂದ ಆರಿಸಬೇಡಿ. ಸಾಮಾನ್ಯ ತಪಾಸಣೆಯ ಜೊತೆಗೆ ಚರಂಡಿ ಪೈಪಿನ ಕ್ಯಾಮೆರಾ ತಪಾಸಣೆಯನ್ನೂ ಕೇಳಿ. 150ರಿಂದ 300 ಡಾಲರ್ ಆಗುತ್ತದೆ, ವಿಡಿಯೋ ಕಳಿಸಿಕೊಡುತ್ತಾರೆ. ಹಳೆಯ ಮನೆಗಳಲ್ಲಿ ಮನೆಯಿಂದ ರಸ್ತೆಯ ಮುಖ್ಯ ಚರಂಡಿಗೆ ಹೋಗುವ ಪೈಪು ಸುಟ್ಟ ಮಣ್ಣಿನದು, ಎರಡು ಮೂರು ಅಡಿಗೊಂದು ಕೀಲು. ಅಂಗಳದ ಮರದ ಬೇರು ಆ ಕೀಲುಗಳಲ್ಲಿ ಒಳನುಗ್ಗಿ ಜಡೆಯ ಹಾಗೆ ಬೆಳೆದಿರುವುದು ವಿಡಿಯೋದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅಡುಗೆಮನೆಗೆ ಗ್ರಾನೈಟ್ ಹಾಕಿಸಿದವರು ಈ ಪೈಪನ್ನು ಮುಟ್ಟಿರುವುದಿಲ್ಲ. ಪೈಪು ಬದಲಿಸಲು 5,000ದಿಂದ 15,000 ಆಗುತ್ತದೆ, ಮತ್ತು ಅದು ಮಾಲೀಕನ ಖರ್ಚು, ನಗರಪಾಲಿಕೆಯದಲ್ಲ.

ಫರ್ನೇಸ್, ಏಸಿ, ಗೀಸರುಗಳ ಲೇಬಲ್ಲಿನ ಹತ್ತಿರದ ಫೋಟೋ ತೆಗೆಯಲು ಹೇಳಿ. ಸೀರಿಯಲ್ ನಂಬರಿನಲ್ಲೇ ವಯಸ್ಸು ಅಡಗಿರುತ್ತದೆ. ಕ್ಯಾರಿಯರ್ ಯಂತ್ರದ ನಂಬರು 2309 ಎಂದು ಶುರುವಾದರೆ ಅದು 2009ರ 23ನೇ ವಾರದಲ್ಲಿ ತಯಾರಾದದ್ದು. ಬೇರೆ ಕಂಪನಿಗಳ ಸಂಕೇತ ಬೇರೆ, ಹುಡುಕಿದರೆ ಸಿಗುತ್ತದೆ. ಫರ್ನೇಸಿಗೆ, ಏಸಿಗೆ 15–20 ವರ್ಷ, ಗೀಸರಿಗೆ 8–12 ವರ್ಷ ಆಯುಸ್ಸು. ಏಸಿಯ ಲೇಬಲ್ಲಿನಲ್ಲಿ ಆರ್-22 ಎಂದಿದ್ದರೆ ಆ ಅನಿಲದ ತಯಾರಿಕೆ, ಆಮದು ಅಮೆರಿಕದಲ್ಲಿ 2020ರಿಂದಲೇ ನಿಂತಿದೆ. ಒಮ್ಮೆ ಸೋರಿದರೆ ರಿಪೇರಿಗಿಂತ ಯಂತ್ರ ಬದಲಿಸುವುದೇ ಮೇಲು.

ವಿದ್ಯುತ್ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿಸಿ. ಫೆಡರಲ್ ಪೆಸಿಫಿಕ್ ಅಥವಾ ಜಿನ್ಸ್ಕೊ ಹೆಸರಿದ್ದರೆ ಬ್ರೇಕರು ಬೀಳಬೇಕಾದಾಗ ಬೀಳದಿರುವ ಅಪಾಯವಿದೆ, ಎಷ್ಟೋ ವಿಮಾ ಕಂಪನಿಗಳು ಆ ಮನೆಗೆ ವಿಮೆಯನ್ನೇ ಕೊಡುವುದಿಲ್ಲ. ಕ್ಲೀವ್‌ಲ್ಯಾಂಡ್ ಕಡೆಯ ಮನೆಗಳಲ್ಲಿ ನೆಲಮಾಳಿಗೆಯ ಗೋಡೆಗೆ ಹೊಚ್ಚಹೊಸ ಬಿಳಿ ಬಣ್ಣ ಬಳಿದಿದ್ದರೆ ಅದರ ಕೆಳಗೆ ನೀರು ಜಿನುಗಿದ ಉಪ್ಪಿನ ಕಲೆ ಇರಬಹುದು. ತೇವಾಂಶ ಅಳೆಯುವ ಮೀಟರ್ ಹಿಡಿಯಲು ಹೇಳಿ. ಮೆಂಫಿಸ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ನೆಲದಡಿಯ ತೆವಳುಜಾಗಕ್ಕೆ ಇನ್ಸ್‌ಪೆಕ್ಟರ್ ನಿಜಕ್ಕೂ ಇಳಿಯಬೇಕು. ಗೆದ್ದಲು, ಕೊಳೆತ ತೊಲೆ ಸಿಗುವುದು ಅಲ್ಲೇ. ‘ಪ್ರವೇಶ ಸಾಧ್ಯವಾಗಲಿಲ್ಲ’ ಎಂದು ವರದಿಯಲ್ಲಿ ಬರೆದಿದ್ದರೆ ದುಡ್ಡು ಕೊಡುವ ಮುಂಚೆ ಮತ್ತೆ ಕಳಿಸಿ.

1978ಕ್ಕಿಂತ ಮೊದಲಿನ ಮನೆಯಾದರೆ ಸೀಸದ ಬಣ್ಣದ ಕುರಿತು ತಿಳಿದದ್ದನ್ನು ಬರೆದು ಕೊಡಬೇಕೆಂಬ ಕೇಂದ್ರ ಕಾನೂನಿದೆ. ಕ್ಲೀವ್‌ಲ್ಯಾಂಡ್ ನಗರ ಇನ್ನೂ ಮುಂದೆ ಹೋಗಿ, ಅಂಥ ಬಾಡಿಗೆ ಮನೆಗಳಿಗೆ ಸೀಸ-ಸುರಕ್ಷಿತ ಪ್ರಮಾಣಪತ್ರ ಬೇಕೆನ್ನುತ್ತದೆ. ಅದು ಮಾರುವವರ ಬಳಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಆ ಖರ್ಚು ನಿಮ್ಮ ತಲೆಗೆ.

ಬಾಡಿಗೆದಾರನ ಕಾಗದಗಳು

ಒಳಗೆ ಜನ ಇದ್ದಾರೆ ಎಂಬುದಷ್ಟೇ ಸಾಲದು. ಮಾರಾಟಕ್ಕೆ ಮೊದಲು ಮನೆ ತುಂಬಿರಲಿ ಎಂದು ಮೊದಲ ತಿಂಗಳು ಬಿಟ್ಟಿ ಕೊಟ್ಟು, ಆದಾಯ ನೋಡದೆ ಕೂರಿಸಿದ ಬಾಡಿಗೆದಾರ ನಿಮ್ಮ ಹೆಸರಿಗೆ ಮನೆಯಾದ ಮೂರನೇ ತಿಂಗಳಿಗೆ ಬಾಡಿಗೆ ನಿಲ್ಲಿಸುತ್ತಾನೆ. ಕೇಳಬೇಕಾದ್ದು: ಸಹಿಯಾದ ಕರಾರು, ಅರ್ಜಿ ಮತ್ತು ಆದಾಯದ ತಪಾಸಣೆಯ ದಾಖಲೆ, ತಿಂಗಳುವಾರು ಜಮಾ ಆದ ಬಾಡಿಗೆಯ ಲೆಡ್ಜರ್, ಮತ್ತು ಬಾಡಿಗೆದಾರನೇ ಸಹಿ ಹಾಕಿದ ಎಸ್ಟಾಪೆಲ್ ಪತ್ರ. ಈ ಕೊನೆಯದರಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಕೊಟ್ಟಿದ್ದೇನೆ, ಯಾವ ತನಕ ಕಟ್ಟಿದ್ದೇನೆ, ಮಾಲೀಕರು ಬೇರೇನು ಮಾತು ಕೊಟ್ಟಿದ್ದಾರೆ ಎಂಬುದು ಅವನದೇ ಹೇಳಿಕೆಯಾಗಿ ಇರುತ್ತದೆ. ಲೆಡ್ಜರಿನಲ್ಲಿ 1,450, ಪತ್ರದಲ್ಲಿ 1,250 ಎಂದಿದ್ದರೆ ನಡುವಿನ 200 ಯಾರು ತುಂಬುತ್ತಿದ್ದಾರೆಂದು ಊಹಿಸುವುದು ಕಷ್ಟವಲ್ಲ.

‘ಒಂದು ವರ್ಷದ ಬಾಡಿಗೆ ಖಾತರಿ’ ಎಂದು ಕೊಡುವುದೂ ಉಂಟು. ಅದರ ದುಡ್ಡು ಮನೆಯ ಬೆಲೆಯಲ್ಲೇ ಸೇರಿರುತ್ತದೆ.

ಮ್ಯಾನೇಜರ್

ದೂರದಿಂದ ನಡೆಸುವವರಿಗೆ ಮನೆಗಿಂತ ಮ್ಯಾನೇಜರ್ ದೊಡ್ಡವನು. ಒಪ್ಪಂದವನ್ನು ಸಾಲುಸಾಲಾಗಿ ಓದಿ. ತಿಂಗಳಿಗೆ 8–10% ಎಂಬುದು ಎದುರಿಗೆ ಕಾಣುವ ದರ. ಹೊಸ ಬಾಡಿಗೆದಾರನಿಗೆ ಅರ್ಧದಿಂದ ಒಂದು ತಿಂಗಳು, ಕರಾರು ನವೀಕರಣಕ್ಕೆ ಬೇರೆ, ತಪಾಸಣೆಗೆ ಬೇರೆ, ರಿಪೇರಿ ಬಿಲ್ಲಿನ ಮೇಲೆ 10%, ಮನೆ ಖಾಲಿಯಿದ್ದರೂ ಶುಲ್ಕ, ಇವೆಲ್ಲ ಒಳಪುಟಗಳಲ್ಲಿ ಇರುತ್ತವೆ. ಮೂರು ಸಾಲುಗಳನ್ನು ನೀವು ಹಾಕಿಸಬೇಕು: 300 ಡಾಲರ್ ಮೀರಿದ ರಿಪೇರಿಗೆ ಬರಹದಲ್ಲಿ ಒಪ್ಪಿಗೆ, ಪ್ರತಿ ಕೆಲಸಕ್ಕೂ ಕೆಲಸಗಾರನ ಮೂಲ ಬಿಲ್ಲು ಮತ್ತು ಮೊದಲು-ಆಮೇಲಿನ ಫೋಟೋ, 30 ದಿನದ ನೋಟಿಸ್ ಕೊಟ್ಟು ದಂಡವಿಲ್ಲದೆ ಬಿಡುವ ಹಕ್ಕು.

ಮೂಲ ಬಿಲ್ಲು ಏಕೆ? ತಿಂಗಳ ಲೆಕ್ಕದಲ್ಲಿ ‘ನಲ್ಲಿ ದುರಸ್ತಿ 265’ ಎಂದಷ್ಟೇ ಇರುತ್ತದೆ. ಬಿಲ್ಲು ಕೇಳಿದಾಗ ಅದು ಬಿಡಿಭಾಗ 18, ಕೂಲಿ 110, ಭೇಟಿ ಶುಲ್ಕ 85, ಉಳಿದದ್ದು ಮ್ಯಾನೇಜರ್‌ನ ಪಾಲು ಎಂದು ಒಡೆದು ಕಾಣುತ್ತದೆ. ಒಮ್ಮೆ ಕೇಳಿದರೆ ಮುಂದಿನ ಬಿಲ್ಲುಗಳು ತಾವಾಗಿ ತಗ್ಗುತ್ತವೆ. ಮಾರುವವರ ಮ್ಯಾನೇಜರನ್ನೇ ಇಟ್ಟುಕೊಳ್ಳಬೇಕೆಂಬ ಷರತ್ತಿದ್ದರೆ ಆ ಮನೆಯನ್ನು ಬಿಟ್ಟುಬಿಡಿ.

ಟೈಟಲ್, ವಿಮೆ, ಕ್ಲೋಸಿಂಗ್

ಊರಲ್ಲಿ ನಾವು ಇಸಿ, ಖಾತಾ ಹಿಡಿದು ವಕೀಲರ ಬಳಿ ಹೋಗುವ ಕೆಲಸವನ್ನು ಇಲ್ಲಿ ಟೈಟಲ್ ಕಂಪನಿ ಮಾಡುತ್ತದೆ. ಒಡೆತನದ ತಕರಾರಿಗೆಂದು ಬ್ಯಾಂಕಿಗೆ ಕೊಡುವ ಟೈಟಲ್ ವಿಮೆ ಬ್ಯಾಂಕನ್ನು ಮಾತ್ರ ಕಾಯುತ್ತದೆ. ಮಾಲೀಕರ ಪಾಲಿಸಿ ಬೇರೆ, ಅದನ್ನು ಕೇಳಿ ಪಡೆಯಿರಿ. ಹಳೆಯ ನೀರಿನ ಬಾಕಿ, ಪಾಲಿಕೆಯ ದಂಡ ಉಳಿದಿದೆಯೇ ಎಂದು ಬರಹದಲ್ಲಿ ಕೇಳಿ, ಕ್ಲೀವ್‌ಲ್ಯಾಂಡ್ ಇರುವ ಓಹಾಯೊದಲ್ಲಿ ನೀರಿನ ಬಾಕಿ ಆಸ್ತಿ ತೆರಿಗೆಗೇ ಬಂದು ಸೇರಬಹುದು. ಓಹಾಯೊ, ಇಂಡಿಯಾನಾಗಳಲ್ಲಿ ತೆರಿಗೆ ಒಂದು ವರ್ಷ ಹಿಂದಿನದ್ದನ್ನು ಈಗ ಕಟ್ಟುವ ಪದ್ಧತಿ. ಮಾರುವವರ ಅವಧಿಯ ಪಾಲು ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗೆ ಆಗುವ ದಿನದ) ಲೆಕ್ಕದಲ್ಲಿ ನಿಮಗೆ ಜಮಾ ಆಗಿರಬೇಕು. ಬಾಡಿಗೆದಾರನ ಅಡ್ವಾನ್ಸ್ ಕೂಡ.

ವಿಮೆ ಬಾಡಿಗೆ ಮನೆಯದ್ದೇ ಆಗಿರಲಿ, ಡಿಪಿ-3 ಎಂಬ ನಮೂನೆ ಸಾಮಾನ್ಯ. ಚಾವಣಿಗೆ ಹೊಸದರ ಬೆಲೆ ಕೊಡುತ್ತಾರೋ, ಸವಕಳಿ ಕಳೆದು ಕೊಡುತ್ತಾರೋ ನೋಡಿ. ಮನೆ 30 ಅಥವಾ 60 ದಿನ ಖಾಲಿ ಬಿದ್ದರೆ ಕಳವು, ಹಾನಿಯ ರಕ್ಷಣೆ ನಿಲ್ಲುವ ಷರತ್ತು ಬಹುತೇಕ ಪಾಲಿಸಿಗಳಲ್ಲಿದೆ. ತಾಮ್ರಕ್ಕಾಗಿ ಏಸಿಯನ್ನೇ ಕಿತ್ತೊಯ್ಯುವುದು ಖಾಲಿ ಮನೆಗಳಿಂದಲೇ.

ದುಡ್ಡು ವೈರ್ ಮಾಡುವ ದಿನ ‘ಖಾತೆ ನಂಬರ್ ಬದಲಾಗಿದೆ’ ಎಂಬ ಇಮೇಲ್ ಬಂದರೆ ಅದು ಕಳ್ಳರದ್ದೆಂದೇ ತಿಳಿಯಿರಿ. ಮೊದಲೇ ಬರೆದಿಟ್ಟುಕೊಂಡ ನಂಬರಿಗೆ ಫೋನ್ ಮಾಡಿ, ಖಾತೆ ವಿವರವನ್ನು ಅವರಿಂದ ಓದಿಸಿ ಕೇಳಿದ ಮೇಲೆಯೇ ಕಳಿಸಿ.

ನಮ್ಮ ಮಾದರಿ ಮನೆಗೆ ಡೌನ್ ಪೇಮೆಂಟ್ 40,000, ಕ್ಲೋಸಿಂಗ್ ಖರ್ಚು ಸುಮಾರು 5,000, ಆರು ತಿಂಗಳ ಮೀಸಲು ಸುಮಾರು 7,000. ಒಟ್ಟು 52,000 ಡಾಲರ್ ಕೈಯಲ್ಲಿಲ್ಲದೆ ಹೊರಡಬೇಡಿ.

ಹೆಸರಿಗೆ ಆದ ಮೇಲೆ

ಓಹಾಯೊದಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಕೌಂಟಿಗಳಲ್ಲಿ ಬಾಡಿಗೆ ಮನೆಯನ್ನು 60 ದಿನದೊಳಗೆ ನೋಂದಾಯಿಸಬೇಕು. ಹೊರರಾಜ್ಯದವರು ಅಲ್ಲೇ ಇರುವ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕು. ಬೇರೆ ರಾಜ್ಯಗಳಲ್ಲೂ ನಗರದಿಂದ ನಗರಕ್ಕೆ ಇಂಥ ನಿಯಮಗಳಿವೆ, ಮ್ಯಾನೇಜರ್ ಮಾಡುತ್ತಾನೆಂದು ಬಿಡದೆ ರಸೀದಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಹೊರರಾಜ್ಯದ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ನಡೆಸುವವರು ಅದಕ್ಕಾಗಿ ವರ್ಷಕ್ಕೆ 800 ಡಾಲರ್ ಕ್ಯಾಲಿಫೋರ್ನಿಯಾಗೇ ಕಟ್ಟಬೇಕಾಗುತ್ತದೆ. ಒಂದು ಮನೆಗೆ ಎಲ್‌ಎಲ್‌ಸಿ ಮಾಡುವ ಮುಂಚೆ ಈ ಅಂಕಿಯನ್ನೂ ಲೆಕ್ಕದಲ್ಲಿ ಸೇರಿಸಿ.

ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ ಸವಕಳಿ ತೋರಿಸಬಹುದು. 1,60,000ದಲ್ಲಿ ನೆಲದ ಪಾಲು 20% ಕಳೆದರೆ ವರ್ಷಕ್ಕೆ ಸುಮಾರು 4,650. ‘ಇದರಿಂದ ಸಂಬಳದ ತೆರಿಗೆ ಉಳಿಯುತ್ತದೆ’ ಎಂಬ ಮಾರಾಟದ ಮಾತನ್ನು ನಂಬಬೇಡಿ. ಬಾಡಿಗೆಯ ನಷ್ಟವನ್ನು ಸಂಬಳದಿಂದ ಕಳೆಯುವ 25,000ದ ರಿಯಾಯಿತಿ 1,00,000 ಆದಾಯದಿಂದ ಕರಗುತ್ತಾ 1,50,000ಕ್ಕೆ ಸೊನ್ನೆಯಾಗುತ್ತದೆ. ಇಬ್ಬರೂ ದುಡಿಯುವ ಐಟಿ ಸಂಸಾರಗಳಲ್ಲಿ ಹೆಚ್ಚಿನವರು ಅದನ್ನು ದಾಟಿರುತ್ತಾರೆ. ನಷ್ಟ ಮುಂದಿನ ವರ್ಷಗಳಿಗೆ ಉರುಳುತ್ತದೆ, ಅಷ್ಟೆ. ಮನೆ ಇರುವ ರಾಜ್ಯದಲ್ಲಿ ಆದಾಯ ತೆರಿಗೆ ಇದ್ದರೆ ಅಲ್ಲೂ ಒಂದು ರಿಟರ್ನ್ ಸಲ್ಲಿಸಬೇಕಾಗಬಹುದು.

ಮನೆಯನ್ನು ಹಾಗೇ ಇಟ್ಟುಕೊಂಡು ಬೆಂಗಳೂರಿಗೋ ಮೈಸೂರಿಗೋ ವಾಪಸು ಹೋಗುವವರಿಗೆ ಇನ್ನೊಂದು ಮಾತು. ಗ್ರೀನ್ ಕಾರ್ಡ್ ಇಲ್ಲದೆ ತೆರಿಗೆಯ ಲೆಕ್ಕದಲ್ಲಿ ನೀವು ಅಮೆರಿಕದ ನಿವಾಸಿ ಅಲ್ಲವೆಂದಾದ ಮೇಲೆ ಮ್ಯಾನೇಜರ್ ಬಾಡಿಗೆಯ ಒಟ್ಟು ಮೊತ್ತದ ಮೇಲೇ 30% ಹಿಡಿಯಬೇಕು, ಖರ್ಚು ಕಳೆಯುವ ಮಾತೇ ಇಲ್ಲ. 1,450ರಲ್ಲಿ 435 ಹೋದರೆ ಕಂತು, ತೆರಿಗೆ, ವಿಮೆಗೇ ಕೈಯಿಂದ ಹಾಕಬೇಕು. ಹೊರಡುವ ಮೊದಲೇ ಮ್ಯಾನೇಜರ್‌ಗೆ ಡಬ್ಲ್ಯೂ-8 ಇಸಿಐ ನಮೂನೆ ಕೊಟ್ಟು, ರಿಟರ್ನ್‌ನಲ್ಲಿ ನಿವ್ವಳ ಆದಾಯದ ಮೇಲೆ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಂಡರೆ ಇದು ತಪ್ಪುತ್ತದೆ. ಆಮೇಲೆ ಮಾರುವಾಗ, ವಿದೇಶಿಯರ ಆಸ್ತಿ ಮಾರಾಟಕ್ಕೆ ಅನ್ವಯಿಸುವ ಫರ್ಪ್ಟಾ ಕಾನೂನಿನಂತೆ, ಸಾಮಾನ್ಯವಾಗಿ ಮಾರಾಟದ ಬೆಲೆಯ 15% ಹಿಡಿದಿಡುತ್ತಾರೆ, ಲಾಭದ 15% ಅಲ್ಲ. 1,60,000ಕ್ಕೆ 24,000. ಕ್ಲೋಸಿಂಗ್‌ಗೆ ಮೊದಲೇ 8288-ಬಿ ಅರ್ಜಿ ಹಾಕಿದರೆ ಅದನ್ನು ತಗ್ಗಿಸಿಕೊಳ್ಳಬಹುದು, ಇಲ್ಲದಿದ್ದರೆ ಮರುವರ್ಷದ ರಿಟರ್ನ್ ತನಕ ಕಾಯಬೇಕು. ಭಾರತದಲ್ಲಿ ಮೊದಲ ಎರಡು ಮೂರು ವರ್ಷ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ ಎಂಬ) ಸ್ಥಾನ ಸಿಕ್ಕರೆ ಈ ಬಾಡಿಗೆಗೆ ಅಲ್ಲಿ ತೆರಿಗೆ ಇಲ್ಲ. ಮಾರುವ ಯೋಚನೆ ಇದ್ದವರು ಆ ಅವಧಿ ಮುಗಿಯುವುದರೊಳಗೆ ಮಾರುವುದು ಒಳ್ಳೆಯದು.